ಡಬ್ಬಿಗೊಂದು ‘ಹೋಗಿ ಬಾ’

ನಮ್ಮ ಸೋದರಮಾವ ಸಂಬಳ ಪಡೆಯುವುದು ಬಿಸಾಡುವ ವಸ್ತು ತಯಾರಿಸಿ. ಮನೆಯಲ್ಲಿ ಮಾತ್ರ ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಯನ್ನೂ ಬಿಸಾಡಲು ಬಿಡುವುದಿಲ್ಲ! ನಂಬಿಕೆ ಬರಲಿಲ್ಲವೇ? ಡೊಂಬಿವಲಿಯ ನಮ್ಮ ಬಾಲ್ಕನಿಗೆ ಬನ್ನಿ. ಕಳೆದ ಭಾನುವಾರ ಎಣಿಸಿ ಡೈರಿಯಲ್ಲಿ ಬರೆದಿದ್ದೇನೆ: ತೊಳೆದು ಒಣಹಾಕಿದ ತೊಟ್ಟೆಗಳು, ಮೂವತ್ತೆಂಟು.

ಅವರ ಕೆಲಸ ರಬಾಳೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಅಲ್ಲಿ ಟಿಫಿನ್ ಡಬ್ಬಿಯಷ್ಟು ಗಾತ್ರದ ಅಗ್ಗದ ಸೆನ್ಸರ್‌ಗಳು ತಯಾರಾಗುತ್ತವೆ. ಹಡಗಿನಿಂದ ಕಡಲಿಗೆ ಎಸೆದರೆ ತೇಲುತ್ತಾ, ಸುತ್ತಲಿನ ನೀರು ಎಷ್ಟು ಬಿಸಿ, ಗಾಳಿಯ ಒತ್ತಡ ಎಷ್ಟು ಎಂದು ಹಡಗಿಗೆ ತಿಳಿಸುತ್ತವೆ. ಒಂದೆರಡು ದಿನ, ಅಷ್ಟೇ. ಬ್ಯಾಟರಿ ಮುಗಿದರೆ ಮುಳುಗುತ್ತವೆ, ಯಾರೂ ಹೆಕ್ಕುವುದಿಲ್ಲ.

ನೀರು ಒಳಗಿಳಿಯುತ್ತದೆಯೋ ಎಂಬ ಪರೀಕ್ಷೆ ವರ್ಕ್‌ಶಾಪಿನಲ್ಲೇ ಆಗುತ್ತದೆ. ಮಾವನಿಗೆ ಅಷ್ಟು ಸಾಲದು. ಒಂದು ಡಬ್ಬಿಯನ್ನು ಮನೆಗೆ ತಂದು, ನನ್ನ ಸ್ನಾನದ ಬಕೆಟ್ಟಿಗೆ ಉಪ್ಪು ಸುರಿದು ತೇಲಿಬಿಟ್ಟರು. ಅವಸರದಲ್ಲಿದ್ದ ನಾನು ಅದೇ ನೀರು ಹೊಯ್ದುಕೊಂಡೆ! ಲೋಕಲ್ ರೈಲಿನಲ್ಲಿ ಥಾಣೆಯವರೆಗೂ ಮೈ ತುರಿಸಿದ್ದು ಡೈರಿಯಲ್ಲಿದೆ.

“ಸಮುದ್ರ ಬೇಕಾದ್ರೆ ಅಲ್ಲಿಗೇ ಹೋಗಿ ಮಾರಾಯ್ರೆ, ಬಾತ್‌ರೂಮಿಗೆ ಯಾಕೆ ತರ್ತೀರಿ?” ಎಂದರು ಅತ್ತೆ.

“ನಾಳೆ ಕಡಲಲ್ಲಿ ಈ ಡಬ್ಬಿ ಒಂದೇ ಇರ್ಲಿಕ್ಕುಂಟು. ಇವತ್ತು ಅಭ್ಯಾಸ ಆಗ್ಲಿ!”

ಪೆಟ್ಟಿಗೆಗೆ ತುಂಬುವಾಗ ಮಾವ ಪ್ರತಿ ಡಬ್ಬಿಯ ತಲೆ ತಟ್ಟಿ “ಹೋಗಿ ಬಾ” ಅನ್ನುತ್ತಾರೆ. ಒಂದು ಶನಿವಾರ ವರ್ಕ್‌ಶಾಪಿಗೆ ಹೋಗಿ ಪಕ್ಕದಲ್ಲೇ ನಿಂತು ಎಣಿಸಿದೆ. ಇಪ್ಪತ್ತನಾಲ್ಕು ಡಬ್ಬಿ, ಇಪ್ಪತ್ತನಾಲ್ಕು “ಹೋಗಿ ಬಾ”.

“ಮಾವಾ, ಇವು ವಾಪಸ್ ಬರ್ಲಿಕ್ಕೇ ಇಲ್ವಲ್ಲ!”

“ಬರ್ಲಿ, ಬಿಡ್ಲಿ. ಹೊರಟವರಿಗೆ ಬರೇ ‘ಹೋಗು’ ಅನ್ನಬಾರ್ದು ಮಾರಾಯ. ನಾನು ಒಮ್ಮೆ ಅಂದಿದ್ದೇನೆ.”

ನನ್ನ ನಗು ನಿಂತಿತು. ಆ ‘ಹೋಗು’ ಕೂಡ ನನ್ನ ಡೈರಿಯಲ್ಲಿತ್ತು. ಅವರ ಮಗಳು, ನಾನು ಅಕ್ಕ ಎನ್ನುವವಳು, ಹಡಗಿನ ಕೆಲಸಕ್ಕೆ ಹೊರಟ ದಿನ, ಬೇಡವೆಂದರೂ ಕೇಳಲಿಲ್ಲವೆಂಬ ಸಿಟ್ಟಿಗೆ, ಮಾವ ಟಿವಿಯಿಂದ ಕಣ್ಣು ತೆಗೆಯದೆ “ಹೋಗು” ಎಂದಿದ್ದರು. ಆಮೇಲೆ ಅಕ್ಕ ಫೋನ್ ಮಾಡಿದ್ದೆಲ್ಲ ಅತ್ತೆಗೆ. ಮಾವನಿಗೆ ಏಳು ತಿಂಗಳಲ್ಲಿ ಸೊನ್ನೆ.

ಪೆಟ್ಟಿಗೆಯ ಮೇಲಿದ್ದ ಹಡಗಿನ ಹೆಸರು ಓದಿದೆ. ಅಕ್ಕನ ಹಡಗು!

ಮೂರು ವಾರ ಕಳೆದು, ಒಂದು ಬುಧವಾರ, ಮಾವನ ಫೋನ್ ರಿಂಗಾಯಿತು. ಅಕ್ಕ! ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದ ಅಕ್ಕನದು, ಕನ್ನಡದಲ್ಲಿ ಮಾತಾಡಿಸಿದರೂ, ಯಾವಾಗಲೂ ಹಿಂದಿಯ ಉತ್ತರ.

“ಪಪ್ಪಾ, ಆಪ್‌ಕಾ ಡಬ್ಬಾ ಆಜ್ ಮೈನೇ ಫೇಂಕಾ. ರೀಡಿಂಗ್ ಆ ರಹಾ ಹೈ.”

ಡಬ್ಬಿಯನ್ನು ಕಡಲಿಗೆ ಎಸೆದವಳು ಅಕ್ಕನೇ, ಅದು ಲೆಕ್ಕ ಕಳಿಸುತ್ತಲೂ ಇದೆ! ಮಾವ ಟಿವಿ ಆರಿಸಿದರು. “ಬಿಸಾಡುವಾಗ... ಎಂತ ಹೇಳಿದೆ ಅದಕ್ಕೆ?”

“ಔರ್ ಕ್ಯಾ? ‘ಹೋಗಿ ಬಾ’ ಬೋಲಾ.”

ಮಾವ ಗೋಡೆಯ ಕಡೆ ತಿರುಗಿ ನಿಂತರು.

“ನೀನೂ ಹೋಗಿ ಬಾ, ಮಗಳೇ.”

ಗಾಳಿಯ ಸದ್ದಿನ ನಡುವೆ ಅಕ್ಕನ ದನಿ, ಕನ್ನಡದಲ್ಲಿ:

“ಬರ್ತೇನೆ, ಪಪ್ಪಾ.”