ಫೋಟೋ ಗಾಡಿಯ ಜಳಕ

"ಇನ್ನ ಮ್ಯಾಲೆ ಈ ಗಾಡಿ ತೊಳಿಯಾಕ ಯಾರೂ ಏಣಿ ಹತ್ತಬೇಕಾಗಿಲ್ಲ," ಎಂದು ನಮ್ಮವರು ಗೋಣಿತಾಟನ್ನು ಸರ್ರನೆ ಎಳೆದರು.

ಗೋಣಿತಾಟಿನ ಹಿಂದೆ ನಿಂತಿದ್ದುದನ್ನು ಕಂಡು ಎದುರುಮನೆ ಬಸಲಿಂಗವ್ವನ ಎಮ್ಮೆ ಹಗ್ಗ ಹರಿದುಕೊಳ್ಳಲು ನೋಡಿತು. ನನ್ನನ್ನೂ ಕಟ್ಟಿಹಾಕಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಸ್ಕೂಟರಿನ ನಾಲ್ಕು ಗಾಲಿ, ಗಾಲಿಗಳ ಮೇಲೆ ದೊಡ್ಡ ಬ್ಯಾರಲ್ಲು, ಬ್ಯಾರಲ್ಲಿಗೆ ಎರಡು ಉದ್ದನೆಯ ಕಬ್ಬಿಣದ ಕೈ. ಒಂದು ಕೈಗೆ ತೆಂಗಿನ ನಾರಿನ ಉರುಳೆ, ಇನ್ನೊಂದಕ್ಕೆ ಮೇಣ ತಿಕ್ಕುವ ಬಟ್ಟೆಯ ಉರುಳೆ. ಮೇಲೆ ತಲೆ, ತಲೆಯ ನಟ್ಟನಡುವೆ ಒಂದೇ ಒಂದು ಗಾಜಿನ ಕಣ್ಣು.

"ಆ ಬಟ್ಟಿ ನನ್ನ ಇಳಕಲ್ ಸೀರಿ ಅಲ್ಲೇನ್ರಿ?" ಎಂದೆ.

"ಹಳೇದು."

"ಹೋದ ಪಂಚಮಿಗೆ ಉಟ್ಟಿದ್ದೆ."

"ಅದಕ್ಕ ಹಳೇದು ಅಂದೆ. ಈಗ ಸುಮ್ಮನ ನೋಡು. ಇವನ ಹೆಸರು ಸ್ವಚ್ಛೇಂದ್ರ."

ನಮ್ಮವರೆಂದರೆ ಅಂದಾನಪ್ಪ, ಬೆಟಗೇರಿಯ ಹತ್ತಿ ಕಾರಖಾನೆಯಲ್ಲಿ ಫಿಟ್ಟರ್. ಹಗಲು ಅಲ್ಲಿ ಯಂತ್ರಗಳನ್ನು ರಿಪೇರಿ ಮಾಡುವುದು, ಸಂಜೆ ಮನೆಯಲ್ಲಿ ರಿಪೇರಿಗೆ ಬರುವಂಥ ಯಂತ್ರಗಳನ್ನು ಮಾಡುವುದು, ಇದು ಅವರ ದಿನಚರಿ. ರೊಟ್ಟಿ ಬಡಿಯುವ ಯಂತ್ರ ಮಾಡಿದ್ದರು. ಅದು ರೊಟ್ಟಿಗಿಂತ ನಮ್ಮನ್ನು ಬಡಿದದ್ದೇ ಹೆಚ್ಚು. ಅದಕ್ಕೆ ಜೋಳದ ಹಿಟ್ಟು ಸರಿಯಿರಲಿಲ್ಲವಂತೆ. ಮಜ್ಜಿಗೆ ಕಡೆಯುವ ಯಂತ್ರ ಅಡುಗೆಮನೆಯ ತೊಲೆಗೆಲ್ಲ ಬೆಣ್ಣೆ ಮೆತ್ತಿತು. ಅದಕ್ಕೆ ಕರೆಂಟಿನವರು ಕಾರಣ. ಹೂವು ಕಟ್ಟುವ ಯಂತ್ರ ನನ್ನ ಜಡೆಯನ್ನೂ ಸೇರಿಸಿ ಕಟ್ಟಿದ ದಿನ ತಪ್ಪು ನನ್ನ ಜಡೆಯದಾಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಒಮ್ಮೆಯೂ ತಪ್ಪು ಅವರದ್ದಾಗಿರಲಿಲ್ಲ.

ಇನ್ನು ಗಾಡಿಯ ವಿಷಯ. ಅದು ಸಣ್ಣ ಗಾಡಿಯಲ್ಲ. ಲಾರಿಯ ಟ್ರೈಲರಿನ ಮೇಲೆ ಅಲ್ಯುಮಿನಿಯಂ ತಗಡು ಹೊಡೆದು ಕಟ್ಟಿದ ಗಾಲಿಯ ಮನೆ. ಒಳಗೆ ಒಲೆಯಿತ್ತು, ಮಲಗಲು ಹಲಗೆಯಿತ್ತು, ಸರೋವರದಲ್ಲಿ ಹಂಸ ತೇಲುವ ಪರದೆಯಿತ್ತು, ಫೋಟೋ ತೊಳೆಯುವ ಕತ್ತಲೆ ಕೋಣೆಯೂ ಇತ್ತು. ನಮ್ಮ ಮಾವ ಮಲಕಾಜಪ್ಪನವರು ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಮುಂಡರಗಿ, ರೋಣ, ಲಕ್ಷ್ಮೇಶ್ವರದ ಸಂತೆಗಳಿಗೆ ಹೋಗಿ ಜನರ ಫೋಟೋ ತೆಗೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೂ ಆ ಹಲಗೆಯ ಮೇಲೆ ಮಲಗಿದವಳೇ. ಸಂತೆ ಮುಗಿದ ಮೇಲೆ ಗಾಡಿಯ ಮೆಟ್ಟಿಲ ಮೇಲೆ ಕೂತು ಅತ್ತೆಯ ಕೈಯ ಬಿಸಿ ಜುಣಕ ತಿನ್ನುತ್ತಿದ್ದ ಸುಖ ಆಮೇಲೆ ಯಾವ ಹೋಟೆಲಿನಲ್ಲೂ ಸಿಗಲಿಲ್ಲ.

ಊರೂರಿನ ಜನರ ಮುಖವನ್ನೆಲ್ಲ ಹಿಡಿದಿಟ್ಟ ಮಾವ ತಮ್ಮದೊಂದು ಫೋಟೋ ತೆಗೆಸಿಕೊಂಡಿರಲಿಲ್ಲ. "ನಾ ಮುಂದ ಕುಂತ್ರ ಹಿಂದ ಯಾರು ನಿಂದರತಾರ?" ಎನ್ನುತ್ತಿದ್ದರು. ಇದ್ದದ್ದು ಒಂದೇ, ಗಾಡಿಯ ಮಗ್ಗುಲಿಗೆ ಪೇಂಟರ್ ಹುಸೇನಸಾಬರು ಬರೆದ ಆಳೆತ್ತರದ ಚಿತ್ರ. ಕ್ಯಾಮೆರಾದ ಸ್ಟ್ಯಾಂಡಿನ ಮೇಲೆ ಕೈಯಿಟ್ಟು ಮಾವ ನಿಂತಿದ್ದರು. ಅವರು ತೀರಿಹೋದ ಮೇಲೆ ಗಾಡಿ ಅಂಗಳ ಬಿಟ್ಟು ಕದಲಲಿಲ್ಲ. ಅದರ ಮೇಲೆ ಕಾರಖಾನೆಯ ಧೂಳು, ಒಲೆಯ ಹೊಗೆ, ಹತ್ತಿಯ ಜುಂಜು ಎಲ್ಲ ಕೂತು ಮಾವನ ಮುಖ ಕಾಣದಾಯಿತು. ಆ ಚಿತ್ರವನ್ನಾದರೂ ಒಂದು ಫೋಟೋ ತೆಗೆದಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಿನಾ ಕಣ್ಣೆದುರಿಗೇ ಇರುವುದನ್ನು ಯಾರು ಫೋಟೋ ತೆಗೆಯುತ್ತಾರೆ? ಕ್ಯಾಮೆರಾ ಇರುವ ಫೋನುಗಳು ಬರಲು ಆಗ ಎಷ್ಟೋ ವರ್ಷ ಬಾಕಿಯಿತ್ತು.

ಅತ್ತೆ ನೀಲವ್ವನಿಗೆ ಬೇಕಾಗಿದ್ದುದು ಇಷ್ಟೇ. "ಅಂದಾನಿ, ಈ ಮಾನವಮಿಗರ ನಿಮ್ಮಪ್ಪನ ಮಾರಿ ಒಂದೀಟು ಕಾಣೂವಂಗ ಮಾಡೋ," ಎಂದಿದ್ದರು.

ಬಕೆಟ್ ನೀರು, ಸೀಗೆಪುಡಿ, ಒಂದು ಅರಿವೆ ಇದ್ದರೆ ನಾನೇ ತೊಳೆದುಬಿಡುತ್ತಿದ್ದೆ. ಆದರೆ ಫಿಟ್ಟರ್ ಅಂದಾನಪ್ಪನವರಿಗೆ ಸುಲಭದ ದಾರಿ ಬೇಕಾಗಿತ್ತು. ಮೊದಲು ಬೆಳೆಗೆ ಔಷಧಿ ಹೊಡೆಯುವ ಪಂಪಿನಿಂದ ಸಾಬೂನು ನೀರು ಹೊಡೆದರು. ಗಾಡಿಗಿಂತ ಮೊದಲು ಓಣಿಯ ಸಂಡಿಗೆ ಹಪ್ಪಳ ತೊಯ್ದವು. ಆಮೇಲೆ ಸೈಕಲ್ಲಿಗೆ ಕಸಬರಿಗೆ ಕಟ್ಟಿ ಗಾಡಿಯ ಸುತ್ತ ಹೊಡೆದರು. ತಲೆಸುತ್ತು ಬಂದು ಬಿದ್ದರು. ಅದಾದ ಮೇಲೆ ಮೂರು ತಿಂಗಳು ಹಿತ್ತಲಲ್ಲಿ ಠಕಠಕ ಸದ್ದು. ಈಗ ಸ್ವಚ್ಛೇಂದ್ರ ಹೊರಗೆ ಬಂದಿದ್ದ.

"ನಾಕ ಕೆಲಸ," ಎಂದು ನಮ್ಮವರು ನೆರೆದ ಓಣಿಗೆಲ್ಲ ಕೇಳುವಂತೆ ಹೇಳಿದರು. "ತೊಳಿತಾನ, ಒರಸತಾನ, ಮೇಣ ಹಚ್ಚತಾನ, ತಿರಗಿ ನೋಡತಾನ. ಕಲೆ ಉಳಿದಿತ್ತಂದ್ರ ಸಾಬೂನು ಇನ್ನೂ ಖಡಕ್ ಮಾಡಿಕೊಂಡು ಮತ್ತ ತೊಳಿತಾನ. ಒಂದ ಒಂದು ಕಲೆ ಇರೂತನಕ ಬಿಡೂದಿಲ್ಲ."

"ಆರಿಸೂ ಗುಂಡಿ ಎಲ್ಲೈತ್ರಿ?"

"ಆರಿಸೂದು ಯಾಕ? ಕೆಲಸ ಮುಗಿದ್ರ ತಾನ ಆರತಾನ."

"ಮುಗೀಲಿಲ್ಲಂದ್ರ?"

"ನಿನ್ನ ಬಾಯಿಗೂ ಒಂದು ಗುಂಡಿ ಇರಬೇಕಿತ್ತು ನೋಡು, ಕಸ್ತೂರಿ."

ಯಂತ್ರದ ಕಣ್ಣು ಮಾವನ ಹಳೆಯ ಕ್ಯಾಮೆರಾದಿಂದ ಬಿಚ್ಚಿದ್ದು. ಅದನ್ನು ಕೇಳಿದ್ದೇ ಅತ್ತೆಗೆ ಕಣ್ಣಲ್ಲಿ ನೀರು ಬಂತು. ಪ್ರತಿ ಮಹಾನವಮಿಗೂ ಅವರು ಆ ಕ್ಯಾಮೆರಾಕ್ಕೆ ಪೂಜೆ ಮಾಡುತ್ತಿದ್ದರು. ಅದರ ಕಣ್ಣಿನ ಗಾಜಿಗೆ ಹಾಕಿದ್ದ ಕರಿ ಮುಚ್ಚಳದ ಮೇಲೆ ವಿಭೂತಿ ಎಳೆದು, ನಡುವೆ ದುಂಡಗೆ ಕುಂಕುಮದ ಬೊಟ್ಟು. ಈ ಸಲವೂ ಹಾಗೇ ಮಾಡಿದರು. ಕಾಯಿ ಒಡೆದರು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಕಣ್ಣಿಗೆ ಒತ್ತಿ ಹಚ್ಚಿದರು. ಇಷ್ಟು ವರ್ಷ ಇದ್ದ ಮುಚ್ಚಳ ಈಗ ಇಲ್ಲ ಎನ್ನುವುದು ಅವರಿಗೂ ಹೊಳೆಯಲಿಲ್ಲ, ಕೈಮುಗಿದು ನಿಂತಿದ್ದ ನಮಗೂ ಹೊಳೆಯಲಿಲ್ಲ.

ಸ್ವಚ್ಛೇಂದ್ರ ಲಿಂಬೆಹಣ್ಣನ್ನು ಪಚಕ್ಕನೆ ತುಳಿದು ಮುಂದೆ ಹೋದ.

ಮೊದಲ ಸುತ್ತು ನಿಜಕ್ಕೂ ನೋಡುವಂತಿತ್ತು. ನಾರಿನ ಉರುಳೆ ಗಿರಗಿರ ತಿರುಗಿ ಹನ್ನೊಂದು ವರ್ಷದ ಕೊಳೆಯನ್ನು ಎಳೆದು ಹಾಕಿತು. ಹಿಂದೆಯೇ ನನ್ನ ಸೀರೆ ಮೇಣ ಹಚ್ಚಿ ತಿಕ್ಕಿತು. ಗಾಡಿ ಸುತ್ತಿಬರುವಷ್ಟರಲ್ಲಿ ನೀಲಿ ಬಣ್ಣ ಪಳಪಳ ಎಂದಿತು, ಅದರ ನಡುವೆ ಬಿಳಿ ಮೀಸೆ, ದಪ್ಪ ಕನ್ನಡಕದ ಮಾವ ನಗುತ್ತ ನಿಂತಿದ್ದರು. ಓಣಿಯವರು ಚಪ್ಪಾಳೆ ಹೊಡೆದರು. ಅತ್ತೆ ಸೆರಗು ಹೊದ್ದುಕೊಂಡು, "ಬಂದ್ರೇನು?" ಎಂದು ಚಿತ್ರವನ್ನು ಕೇಳಿದರು. ನಮ್ಮವರ ಎದೆ ಎರಡು ಇಂಚು ಉಬ್ಬಿತು.

ಸ್ವಚ್ಛೇಂದ್ರ ತಿರುಗಿ ನೋಡಿದ. ಎಲ್ಲಿ ನೋಡಿದರೂ ನಡುವೆ ಒಂದು ಕೆಂಪು ಕಲೆ. ಬ್ಯಾರಲ್ಲಿನಲ್ಲಿ ಗುಳುಗುಳು ಸದ್ದಾಯಿತು.

"ಸಾಬೂನು ಖಡಕ್ ಆಗಾಕ ಹತ್ತೈತಿ. ಯಾಕ?" ಎಂದು ನಮ್ಮವರು ತಲೆ ಕೆರೆದುಕೊಂಡರು.

ಎರಡನೆಯ ಸುತ್ತಿಗೆ ಹೊರಟ ಯಂತ್ರ ದಾರಿಯಲ್ಲಿ ಬಸಲಿಂಗವ್ವನ ಎಮ್ಮೆಯನ್ನು ನೋಡಿತು. ಅದಕ್ಕೂ ಕೆಂಪು ಕಲೆ ಇತ್ತು! ಮೂರು ನಿಮಿಷದಲ್ಲಿ ಎಮ್ಮೆ ತೊಳೆಸಿಕೊಂಡು, ಒರೆಸಿಕೊಂಡು, ಮೇಣ ಹಚ್ಚಿಸಿಕೊಂಡು ಹೊಸ ಬೂಟಿನಂತೆ ಮಿಂಚಿತು.

"ಅಂದಾನಪ್ಪಣ್ಣ, ನನ್ನ ಎಮ್ಮಿ ಮ್ಯಾಲೆ ನೊಣಾನೂ ಕುಂದರವಲ್ವು," ಎಂದು ಬಸಲಿಂಗವ್ವ ಸಿಟ್ಟಿಗೆದ್ದಳು. "ಕುಂತಿದ್ದೂ ಜಾರಿ ಬೀಳಾಕ ಹತ್ಯಾವು."

"ಅದು ಛಲೋನ ಆತಲ್ಲ, ತಂಗಿ."

"ನಾಳೆ ಹಾಲು ಹಿಂಡೂವಾಗ ನನ್ನ ಕೈಯೂ ಜಾರತೈತಿ. ನೀ ಬಂದು ಹಿಂಡು."

ಅಷ್ಟರಲ್ಲಿ ನಿವೃತ್ತ ಗುರುಸಿದ್ದಪ್ಪ ಮಾಸ್ತರರು ಏನು ಗದ್ದಲ ಎಂದು ಟೊಪ್ಪಿಗೆ ತೆಗೆದು ಇಣುಕಿದರು. ಅವರ ಬೋಳುತಲೆಗೆ ಆದದ್ದನ್ನು ವಿವರಿಸುವುದು ಸಭ್ಯತೆಯಲ್ಲ. ಆ ವರ್ಷ ದೀಪಾವಳಿ ಮುಗಿಯುವ ತನಕ ಟೊಪ್ಪಿಗೆ ಅವರ ತಲೆಯ ಮೇಲೆ ನಿಲ್ಲಲಿಲ್ಲ ಎಂದಷ್ಟೇ ಹೇಳುತ್ತೇನೆ.

ಯಂತ್ರ ಮತ್ತೆ ಗಾಡಿಗೆ ತಿರುಗಿತು. ನೀಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿತು.

"ಹಿಡೀರಿ ಅದನ್ನ, ಮಾವನ್ನ ಅಳಿಸತೈತಿ!" ಎಂದು ನಾನು ಕೂಗಿದೆ. ನಮ್ಮವರು ಓಡಿಹೋಗಿ ಬ್ಯಾರಲ್ಲನ್ನು ತಬ್ಬಿಕೊಂಡರು. ನಾರಿನ ಕೈ ಅವರನ್ನು ಒಮ್ಮೆ ತೊಳೆದು, ಸೀರೆಯ ಕೈ ಒಮ್ಮೆ ಒರೆಸಿ, ಬದಿಗೆ ನಿಲ್ಲಿಸಿತು. ಬಿಳಿ ಮೀಸೆ ಹೋಯಿತು, ಕನ್ನಡಕ ಹೋಯಿತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಆದರೆ ಗಾಡಿ ಬರಿದಾಗಲಿಲ್ಲ. ನೀಲಿಯ ಕೆಳಗೆ ಹಸಿರು ಇತ್ತು. ನಾನು ಸೊಸೆಯಾಗಿ ಬಂದ ವರ್ಷದ ಹಸಿರು. ಆ ಹಸಿರಿನ ನಡುವೆಯೂ ಮಾವ ನಿಂತಿದ್ದರು, ಕಪ್ಪು ಮೀಸೆ, ಉದ್ದ ಕೋಟು, ಅಗಲ ಎದೆ. ಪ್ರತಿ ಸಲ ಹೊಸ ಬಣ್ಣ ಹೊಡೆದಾಗಲೂ ಹುಸೇನಸಾಬರು ಹಳೆಯ ಚಿತ್ರದ ಮೇಲೆಯೇ ಮಾವನ ಆಗಿನ ಮುಖವನ್ನು ಹೊಸದಾಗಿ ಬರೆದಿದ್ದರು. ಸ್ವಚ್ಛೇಂದ್ರ ಅದಕ್ಕೂ ಮೇಣ ತಿಕ್ಕಿ ಮಿಂಚಿಸಿದ. ಆ ಹಸಿರು ನೋಡಿದ್ದೇ ನನಗೆ ಮೊದಲ ಸಂತೆಯ ಮಿರ್ಚಿ ಭಜಿಯ ವಾಸನೆ ಬಂತು. ಹೊಸ ಸೊಸೆ ನಾಚುತ್ತಾಳೆಂದು ಮಾವ ಕತ್ತಲೆ ಕೋಣೆಯೊಳಗೆ ಹೋಗಿ, ಇಲ್ಲದ ಕೆಲಸ ಮಾಡುತ್ತ ಕೂಡುತ್ತಿದ್ದರು. ಎಂಥ ಒಳ್ಳೆಯ ಮನುಷ್ಯ!

ಯಂತ್ರ ಮತ್ತೆ ತಿರುಗಿ ನೋಡಿತು. ಆಗ ಅದರ ಮುಖ ನನ್ನ ಹತ್ತಿರಕ್ಕೆ ಬಂತು. ಕಣ್ಣಿನ ನಡುವೆ ಅತ್ತೆಯ ಬೊಟ್ಟು ಹಾಗೇ ಕೂತಿತ್ತು. ನಾನು ನಮ್ಮವರ ಕಿವಿಯಲ್ಲಿ ಹೇಳಿದೆ. ಅವರು ಬೊಟ್ಟು ನೋಡಿದರು, ಆಮೇಲೆ ಅವ್ವನನ್ನು ನೋಡಿದರು.

"ಬಾಯಿ ಬಿಡಬ್ಯಾಡ," ಎಂದು ಪಿಸುಗುಟ್ಟಿ, ಅರಿವೆ ಹಿಡಿದು ಆ ಕಣ್ಣನ್ನು ಒರೆಸಲು ಜಿಗಿದರು. ಮತ್ತೊಮ್ಮೆ ತೊಳೆಸಿಕೊಂಡು ಬಂದರು. ಇನ್ನೊಮ್ಮೆ ಜಿಗಿದರು. ಅಷ್ಟು ಸ್ವಚ್ಛವಾದ ಗಂಡನನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

"ಅಂದಾನಿ, ಸರಿ ಆ ಕಡೆ, ಅಡ್ಡ ಬರಬ್ಯಾಡ," ಎಂದರು ಅತ್ತೆ. ಅವರ ದನಿ ಬೇರೆಯಾಗಿತ್ತು. ಹಸಿರಿನ ಕೆಳಗಿನಿಂದ ಹಳದಿ ಮೇಲೇಳುತ್ತಿತ್ತು.

ಹಳದಿಯ ನಡುವೆ ಒಬ್ಬ ತೆಳ್ಳನೆಯ ಹುಡುಗ. ಗುಂಗುರು ಕೂದಲು, ಮೀಸೆಯೇ ಇಲ್ಲ, ಅಂಗಿಯ ತೋಳು ಮೊಣಕೈತನಕ ಮಡಿಸಿದೆ. ಗಾಡಿ ಹೊಸದಾಗಿದ್ದಾಗ, ಅತ್ತೆ ಮದುವೆಯಾಗಿ ಬಂದಾಗ ಮಾವ ಹೀಗಿದ್ದರಂತೆ. ಎಪ್ಪತ್ತು ದಾಟಿದ ಅತ್ತೆ ಅವನ ಮುಂದೆ ನಿಂತು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಮೀಸಿ ಬಿಡಬ್ಯಾಡ್ರಿ, ಹಿಂಗ ಛಲೋ ಕಾಣತೀರಿ ಅಂತ ಬಡಕೊಂಡೆ," ಎಂದರು. "ಕೇಳಲಿಲ್ಲ ಅವರು."

ಮೇಣದ ಉರುಳೆ ಆ ಹುಡುಗನ ಮುಖವನ್ನು ಮೆಲ್ಲಗೆ ಉಜ್ಜಿತು. ಇಷ್ಟಕ್ಕೆ ನಿಲ್ಲಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸ್ವಚ್ಛೇಂದ್ರ ತಿರುಗಿ ನೋಡಿದ. ಬ್ಯಾರಲ್ಲು ಗುಳುಗುಟ್ಟಿತು.

ಹಳದಿಯ ಕೆಳಗೆ ಬಣ್ಣವಿರಲಿಲ್ಲ. ಗುಂಗುರು ಕೂದಲು, ಮಡಿಸಿದ ತೋಳು, ಕ್ಯಾಮೆರಾದ ಸ್ಟ್ಯಾಂಡು ಎಲ್ಲ ನೊರೆಯಾಗಿ ಮೋರಿಗೆ ಹರಿದವು. ಉಳಿದದ್ದು ಬರೀ ತಗಡು. ಯಂತ್ರ ಅದಕ್ಕೂ ಪ್ರೀತಿಯಿಂದ ಮೇಣ ಹಚ್ಚಿ, ಮುಖ ನೋಡಿಕೊಳ್ಳುವಷ್ಟು ಹೊಳಪು ತಂದಿತು. ಆಮೇಲೆ ಕಲೆ ಹೋಯಿತೇ ಎಂದು ಎದುರಿಗೆ ನಿಂತು ನೋಡಿತು. ತಗಡಿನಲ್ಲಿ ಅದಕ್ಕೆ ಕಂಡದ್ದು ತಾನೇ. ಕಣ್ಣಿನ ನಡುವೆ, ದುಂಡಗೆ, ಕೆಂಪಗೆ, ಬೆಳಗಿನಿಂದ ಹುಡುಕುತ್ತಿದ್ದ ಕಲೆ!

ಎರಡು ಕೈಗಳೂ ಒಮ್ಮೆಲೇ ತಲೆಯ ಕಡೆ ತಿರುಗಿದವು. ಸ್ವಚ್ಛೇಂದ್ರ ತನ್ನ ಕಣ್ಣನ್ನು ತಾನೇ ತಿಕ್ಕಿದ, ಒರೆಸಿದ, ಮೇಣ ಹಚ್ಚಿದ. ಬೊಟ್ಟು ಹೋಯಿತು. ಆದರೆ ಅಷ್ಟು ಹೊತ್ತಿಗೆ ಸಾಬೂನು ಬಣ್ಣವನ್ನಷ್ಟೇ ಅಲ್ಲ, ಬೆಸುಗೆಯನ್ನೂ ಕರಗಿಸುವಷ್ಟು ಖಡಕ್ ಆಗಿತ್ತು. ಕಣ್ಣು ಕಳಚಿ ಬಿತ್ತು, ತಲೆ ಕಳಚಿ ಬಿತ್ತು, ಕೈಗಳು ಒಂದನ್ನೊಂದು ತೊಳೆಯುತ್ತ ತೊಳೆಯುತ್ತ ಕಳಚಿದವು. ಕೊನೆಗೆ ಅಂಗಳದಲ್ಲಿ ಉಳಿದದ್ದು ಬಿಡಿ ಸಾಮಾನುಗಳ ಒಂದು ರಾಶಿ. ಪ್ರತಿಯೊಂದು ಮೊಳೆಯೂ ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿತ್ತು.

ಅತ್ತೆ ಗಾಡಿಯ ಹತ್ತಿರ ಹೋಗಿ ತಗಡಿನ ಮೇಲೆ ಅಂಗೈ ಇಟ್ಟರು. "ಹೋದ್ರಾ?" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಬಸಲಿಂಗವ್ವ ಕೂಡ ಎಮ್ಮೆಯ ವಿಷಯ ಬಿಟ್ಟು ಕಣ್ಣೊರೆಸಿಕೊಂಡಳು.

"ಯಾಕ ಹಿಂಗಾತು, ಅಂದಾನಿ?"

ನಾನು ಕರೆಂಟು, ನೀರು, ಜೋಳದ ಹಿಟ್ಟು ಇವುಗಳಲ್ಲಿ ಯಾವುದರ ಹೆಸರು ಬರುತ್ತದೆಂದು ಕಾದೆ. ಈ ಸಲವಂತೂ ಅವರಲ್ಲಿ ನಿಜವಾದ ಉತ್ತರವಿತ್ತು. ಅವರು ಮಾಡಿದ ಯಂತ್ರಗಳಲ್ಲೆಲ್ಲ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದು ಇದೊಂದೇ.

"ನಂದ ತಪ್ಪು, ಯವ್ವಾ," ಎಂದರು ನಮ್ಮವರು. "ಯಂತ್ರ ಸರಿ ಮಾಡಿರಲಿಲ್ಲ. ಅಪ್ಪನ್ನ ನಾನ ಅಳಿಸಿದೆ."

ನನ್ನ ಗಂಡ ತಪ್ಪು ಒಪ್ಪಿಕೊಂಡದ್ದನ್ನು ನಾನು ಅಂದು ಮೊದಲ ಸಲ ಕೇಳಿದೆ. ಮಾಡದ ತಪ್ಪನ್ನು! ಆ ಮನುಷ್ಯನ ಮೇಲೆ ಅಂದು ಬಂದಷ್ಟು ಪ್ರೀತಿ ಮುಂಚೆ ಎಂದೂ ಬಂದಿರಲಿಲ್ಲ. ಸೀರೆಯನ್ನೂ ಮನ್ನಿಸಿಬಿಟ್ಟೆ.

ಅತ್ತೆ ಹಿಂದೆ ತಿರುಗಲಿಲ್ಲ. ತಗಡಿನಲ್ಲೇ ನೋಡುತ್ತಿದ್ದರು. ಅವರ ಹಿಂದೆ ನಿಂತಿದ್ದ ನಮ್ಮವರ ಪ್ರತಿಬಿಂಬ ಅಲ್ಲಿ ಮೂಡಿತ್ತು. ತಲೆಯ ಮೇಲೆ ಬಿಳಿ ನೊರೆ, ಮೀಸೆಯ ಮೇಲೆ ಬಿಳಿ ನೊರೆ, ಇಳಿಬಿದ್ದ ಭುಜ.

"ಅಲ್ಲೇ ನಿಂದ್ರು. ಅಲಗಾಡಬ್ಯಾಡ," ಎಂದರು. ತುಂಬ ಹೊತ್ತು ನೋಡಿದರು. ನೊರೆ ಕರಗಿ ತೊಟ್ಟಿಕ್ಕುತ್ತಿದ್ದರೂ ನಮ್ಮವರು ಕೈ ಎತ್ತಲಿಲ್ಲ.

"ಅವರೂ ಹಿಂಗ ನಿಂದರತಿದ್ರು, ಏನರ ಕೆಡಿಸಿ ಬಂದಾಗ," ಎಂದು ಅತ್ತೆ ನಕ್ಕರು. ಆಮೇಲೆ ಹತ್ತಿರ ಬಂದು ಸೆರಗಿನಿಂದ ಮಗನ ಮೀಸೆ ಒರೆಸಿದರು, ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೊರಟರು. ಹೊಸ್ತಿಲ ಮೇಲೆ ನಿಂತು ಹೇಳಿದರು:

"ನಿನ್ನ ಯಂತ್ರ ಕೆಡತೈತಿ ಅಂತ ನನಗ ಮೊದಲ ಗೊತ್ತಿತ್ತು. ನಾ ಬೊಟ್ಟು ಹಚ್ಚಿದ್ದಕ್ಕ ಇಷ್ಟರಾಗ ಮುಗೀತು. ಮುಂದಿನ ಯಂತ್ರಕ್ಕ ಎರಡು ಹಚ್ಚತೀನಿ."