ನಾಲ್ಕು ಮೂಗಿನ ಕಾರು

ನಾನು ನಿಂತಿದ್ದು ನಿಂಬರ್ಗಾ ಊರಿನ ಹೊರಗೆ, ಆಳಂದಕ್ಕೆ ಹೋಗುವ ರಸ್ತೆಯ ಎಡಬದಿಗೆ, ಡಾಂಬರಿನ ಅಂಚಿನಿಂದ ಎರಡು ಹೆಜ್ಜೆ ಆಚೆ. ತೊಗರಿ ರಾಶಿ ಮುಗಿದ ಮರುವಾರ, ಬುಧವಾರ. ಗಡಿಯಾರದಲ್ಲಿ ಹನ್ನೊಂದು ಗಂಟೆ ಏಳು ನಿಮಿಷ. ಇಷ್ಟನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ನನ್ನ ಎಡಗಾಲಿನ ಚಪ್ಪಲಿ ಆಗ ಎಲ್ಲಿತ್ತು ಎಂಬುದನ್ನು ಮಾತ್ರ ಹೇಳಲಾರೆ. ಅದು ಇಂದಿಗೂ ಸಿಕ್ಕಿಲ್ಲ.

ನನ್ನ ಮುಂದೆ ಒಂದು ಕಾರಿತ್ತು. ಅದರ ಮುಂದಿನ ಅರ್ಧ ತೊಗರಿ ಕಟ್ಟಿಗೆಯ ಬಣವೆಯೊಳಗಿತ್ತು, ಹಿಂದಿನ ಅರ್ಧ ಹೊರಗಿತ್ತು. ಎಂಜಿನ್ ಇನ್ನೂ ಚಾಲೂ ಇತ್ತು. ಬಣವೆಯ ಒಳಗಿನಿಂದ ನಾಲ್ಕು ಎಮ್ಮೆಗಳು ಒಟ್ಟಿಗೆ ನೀರು ಹೀರುವಂಥ ಸದ್ದು ಬರುತ್ತಿತ್ತು.

ಕಾರನ್ನು ಅಲ್ಲಿಗೆ ಮುಟ್ಟಿಸಿದವರು ನನ್ನ ಮಾಮು, ಅಂದರೆ ನನ್ನ ತಾಯಿಯ ತಮ್ಮ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕುಗಳಲ್ಲಿ ನಲವತ್ತು ವರ್ಷ ಬ್ರೇಕ್ ಮುಟ್ಟದೆ ಗಾಡಿ ಓಡಿಸಿದ ಒಬ್ಬನೇ ಒಬ್ಬ ಮನುಷ್ಯ ಅವರು. ಬ್ರೇಕ್ ತುಳಿಯುವುದೆಂದರೆ ದುಡಿಯುವ ಎಂಜಿನ್ನಿನ ಬಾಯಿಗೆ ಕೈ ಅಡ್ಡ ಹಿಡಿದಂತೆ ಎಂದು ಅವರ ಸಿದ್ಧಾಂತ. ನಿಲ್ಲಿಸಬೇಕಾದರೆ ಅರ್ಧ ಮೈಲು ಮೊದಲೇ ಯೋಚಿಸಿ, ಗೇರ್ ಇಳಿಸುತ್ತ ಇಳಿಸುತ್ತ ಬಂದು, ಮನೆಯ ಮುಂದೆ ಬೆಕ್ಕಿನ ಹಾಗೆ ಸದ್ದಿಲ್ಲದೆ ನಿಲ್ಲುತ್ತಿದ್ದರು. ಎಷ್ಟೋ ಸಲ ಪಕ್ಕದ ಮನೆಯ ಮುಂದೆ ನಿಂತದ್ದೂ ಉಂಟು!

ಇನ್ನು ನನ್ನ ವಿಷಯ. ನಾನು ಲೈಸೆನ್ಸ್ ಇರುವ ಭೂಮಾಪಕ. ಹೊಲದ ಬದು ಅಳೆಯುವುದು, ನಕ್ಷೆ ಬರೆಯುವುದು, ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ನನ್ನ ಕಸುಬು. ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಚಟ ನನಗಿದೆ. ಚೀಟಿ ಅಂಟಿಸದ ವಸ್ತುವನ್ನು ನಾನು ನಂಬುವುದಿಲ್ಲ. ನನ್ನ ಹೆಂಡತಿ ಒಮ್ಮೆ ಉಪ್ಪಿನ ಡಬ್ಬಿಯ ಮೇಲೆ ನಾನು ಬರೆದ ತಾರೀಖು ನೋಡಿ ಎರಡು ದಿನ ಮಾತಾಡಲಿಲ್ಲ. ಇಂಥವನಿಂದ ಯಾರಿಗಾದರೂ ಅಪಾಯವಾದೀತೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮಾಮುನ ಗ್ಯಾರೇಜು ಜೇವರ್ಗಿಯಲ್ಲಿ, ವಿಜಯಪುರದ ರಸ್ತೆಗೆ ಹತ್ತಿಕೊಂಡು ಇದೆ. ಗಾಡಿ ಗೇಟಿನೊಳಗೆ ಬರುವ ಮೊದಲೇ ಸದ್ದು ಕೇಳಿ ರೋಗ ಹೇಳುವುದಕ್ಕೆ ಅವರು ಹೆಸರಾಗಿದ್ದರು. ಆದರೆ ಈಚಿನ ಎರಡು ವರ್ಷಗಳಿಂದ ಆ ಕಿವಿ ಮಂದವಾಗಿತ್ತು. ಇದು ಇಡೀ ಜೇವರ್ಗಿಗೆ ಗೊತ್ತಿತ್ತು, ಮಾಮು ಒಬ್ಬರು ಮಾತ್ರ ಒಪ್ಪುತ್ತಿರಲಿಲ್ಲ. ಕೊಳಕೂರಿನ ರೈತರೊಬ್ಬರು ಹಂದಿ ಚೀರಿದ ಹಾಗೆ ಚೀರುವ ಬೆಲ್ಟಿನ ಜೀಪು ತಂದಾಗ ಮಾಮು ಬಾನೆಟ್ ಎತ್ತಿ, ಎರಡು ನಿಮಿಷ ತಲೆ ಬಾಗಿಸಿ ನಿಂತು, ಎಂಜಿನ್ ಬೆಣ್ಣೆಯಂತಿದೆ ಎಂದು ಹೇಳಿ ಕಳಿಸಿದ್ದರು. ಕಿವಿಗೆ ಯಂತ್ರ ಹಾಕಿಸೋಣ ಎಂದರೆ, ಈಗಿನ ಮಂದಿ ಬಾಯೊಳಗೇ ಮಾತಾಡುತ್ತಾರೆ, ಯಂತ್ರ ಅವರ ಬಾಯಿಗೆ ಹಾಕಬೇಕು ಎನ್ನುತ್ತಿದ್ದರು.

ಅವರ ಮಗಳು ಶಬಾನಾ ಅಫಜಲಪುರದಲ್ಲಿ ಹೈಸ್ಕೂಲ್ ಟೀಚರ್. ಚೀರುವ ಜೀಪಿನ ಸುದ್ದಿ ಅಲ್ಲಿಯವರೆಗೆ ಮುಟ್ಟಿದ ಮೇಲೆ ಅವಳು ಬಂದು, ಗ್ಯಾರೇಜು ಸಾಕು, ನನ್ನ ಮನೆಗೆ ಬಂದು ಇರಿ ಎಂದಳು. ಹಾಗೆಂದವಳು ಶಟರಿನ ಕೀಲಿಗಾಗಿ ಕೈ ಚಾಚಿಯೇ ಬಿಟ್ಟಳು. ಗ್ಯಾರೇಜಿಲ್ಲದ ಮಾಮುವನ್ನು ಊಹಿಸಿಕೊಳ್ಳಲು ನಾನು ಪ್ರಯತ್ನಿಸಿದೆ. ಆಗಲಿಲ್ಲ.

ಮಾಮು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೇಳಿದರು: "ಮೂರು ತಾಲೂಕಿನಾಗ ಯಾರೂ ಮಾಡದ ಕೆಲಸ ಒಂದು ನನ್ನ ಹಳೇ ಕಾರಿಗೆ ಮಾಡ್ತೇನಿ ಬೇಟಾ. ಆ ಗಾಡಿಯೊಳಗ ನಿನ್ನ ಕೂಡಿಸ್ಕೊಂಡು ಆಳಂದಕ್ಕ ಹೋಗ್ತೇನಿ. ಸುಸೂತ್ರ ಮುಟ್ಟಿದ್ರ ಶಟರ್ ತೆರದೇ ಇರ್ತದ. ಇಲ್ಲಂದ್ರ ಕೀಲಿ ನಿಂದು."

ಆ ಕೆಲಸವೇ ಕಾರಿಗೆ ನಾಲ್ಕು ಮೂಗು ಕೂಡಿಸುವುದು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸಾಮಾನ್ಯ ಕಾರಿನಲ್ಲಿ ಸಿಲಿಂಡರು ನಾಲ್ಕಿದ್ದರೂ ಗಾಳಿ ಎಳೆದುಕೊಳ್ಳುವ ಬಾಗಿಲು ಒಂದೇ. ಆ ಬಾಗಿಲಿಗೆ ಥ್ರಾಟಲ್ ಬಾಡಿ ಎನ್ನುತ್ತಾರೆ. ದೊಡ್ಡ ಬೈಕುಗಳಲ್ಲಿ ಸಿಲಿಂಡರಿಗೊಂದರಂತೆ ನಾಲ್ಕಿರುತ್ತವೆ. ಮಾಮುನ ಹಳೆಯ ಕಾರಿನ ಎಂಜಿನ್ನು ಮೊದಲೇ ಸಾಧಾರಣದ್ದಲ್ಲ, ಅದರ ತಲೆ ಹೆರೆದು, ಕ್ಯಾಮ್ ಬದಲಿಸಿ ಅದಕ್ಕೆ ಸೊಕ್ಕು ಬರಿಸಿದ್ದರು. ಈಗ ಹೈದರಾಬಾದಿನ ಗುಜರಿಯಿಂದ ಬೈಕಿನ ನಾಲ್ಕು ಥ್ರಾಟಲ್ ಬಾಡಿಗಳನ್ನು ಹಳೆಯ ಲುಂಗಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಪಕ್ಕದಲ್ಲಿ ಕುಳಿತ ಹೆಂಗಸು ಕೂಸು ಎಷ್ಟು ತಿಂಗಳದ್ದು ಎಂದು ಕೇಳಿದಳಂತೆ.

ಬೈಕಿನ ತೂತುಗಳು ಒಂದಕ್ಕೊಂದು ಹತ್ತಿರ, ಕಾರಿನವು ದೂರ. ಎರಡನ್ನೂ ಕೂಡಿಸುವ ಕಬ್ಬಿಣದ ಪಟ್ಟಿಗೆ ನಕ್ಷೆ ಬೇಕಾಯಿತು. ಅಳೆಯುವುದೆಂದರೆ ನಾನು! ಮೂರು ಭಾನುವಾರ ಆಳಂದದಿಂದ ಜೇವರ್ಗಿಗೆ ಹೋಗಿ, ಅರ್ಧ ಮಿಲಿಮೀಟರಿನಷ್ಟೂ ತಪ್ಪಿಲ್ಲದಂತೆ ಅಳೆದು, ದಪ್ಪನೆಯ ಮದುವೆ ಆಮಂತ್ರಣವೊಂದನ್ನು ಕತ್ತರಿಸಿ ಮಾದರಿ ಮಾಡಿದೆ. ಮೂರನೇ ಸಿಲಿಂಡರಿನ ತೂತಿನಲ್ಲಿ ವರನ ತಂದೆ ಹೋದರು. ವೆಲ್ಡಿಂಗಿನವನು ನಕ್ಷೆಯಂತೆಯೇ ಪಟ್ಟಿ ಮಾಡಿ ತಂದ. ಹಚ್ಚಿ ನೋಡಿದರೆ ನಾಲ್ಕೂ ಬಾಡಿಗಳು ಬುಡಮೇಲಾಗಿ ನೆಲ ನೋಡುತ್ತಿದ್ದವು. ನಾನು ಪಟ್ಟಿಯನ್ನು ಒಳಗಿನ ಕಡೆಯಿಂದ ನೋಡಿದಂತೆ ಬರೆದಿದ್ದೆ. ನಕ್ಷೆ ಸರಿಯಾಗಿಯೇ ಇದೆ, ನೋಡುವವರು ಎಂಜಿನ್ನಿನೊಳಗೆ ನಿಂತು ನೋಡಬೇಕು ಎಂದು ವಾದಿಸಿದೆ. ಮಾಮು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಸರ್ವೇಯರ್ ಸಾಹೇಬ್ರ, ಮಂದಿ ಹೊಲನೂ ಹಿಂಗೇ ಅಳೀತೀರೇನ್ರಿ?"

ಎರಡನೇ ಪಟ್ಟಿಯನ್ನು ಅವರೇ ಮಾಡಿದರು. ಅಳತೆ ಪಟ್ಟಿ ಹಿಡಿಯಲಿಲ್ಲ, ಹೆಬ್ಬೆರಳು ಹಿಡಿದರು. ಅದು ಸರಿಯಾಗಿ ಕೂತಿತು. ಈ ಬಗ್ಗೆ ನಾನು ಹೆಚ್ಚು ಹೇಳಬಯಸುವುದಿಲ್ಲ.

ನನಗೆ ಅಳೆಯುವ ಕೆಲಸ ತಪ್ಪಿ ಚೀಟಿ ಕಟ್ಟುವ ಕೆಲಸ ಸಿಕ್ಕಿತು. ಹಳೆಯ ಭಾಗಗಳನ್ನು ಬಿಚ್ಚಿದಾಗ ಬಿಡಿಯಾದ ಪೈಪುಗಳಿಗೆಲ್ಲ ನಂಬರು ಹಾಕಿ, ಎಲ್ಲಿಂದ ಎಲ್ಲಿಗೆ ಎಂದು ಬರೆದೆ. ಐದು ಪೈಪಿಗೆ ಜಾಗ ಸಿಕ್ಕಿತು. ಆರನೆಯದು ಹೆಬ್ಬೆರಳಿನಷ್ಟು ದಪ್ಪ, ಅದಕ್ಕೆ ಹೊಸ ಬಾಡಿಗಳ ಮೇಲೆ ಎಲ್ಲೂ ಜಾಗವಿರಲಿಲ್ಲ. ಮಾಮು ನನಗೆ ಬೆನ್ನು ಮಾಡಿ ಅರಿವೆಯಿಂದ ಕಿಟ್ಟ ತಿಕ್ಕುತ್ತಿದ್ದರು. ಈ ದಪ್ಪ ಪೈಪು ಬೇಕಿಲ್ಲವೇನು, ಮುಚ್ಚಿಬಿಡಲೇ ಎಂದು ನಾನು ಕೇಳಿದೆ. ಅವರು ತಿರುಗದೆ, "ಹ್ಞೂಂ, ಹ್ಞೂಂ" ಎಂದರು. ನಾನು ಪೈಪಿನ ಬಾಯಿಗೆ ಬೋಲ್ಟ್ ತುರುಕಿ, ಕ್ಲಿಪ್ ಬಿಗಿದು, ಚೀಟಿ ಕಟ್ಟಿದೆ: "ಆರು. ಹೆಚ್ಚುವರಿ. ಮುಚ್ಚಲಾಗಿದೆ. ಮಾಮು ಒಪ್ಪಿಗೆ." ಕೆಳಗೆ ತಾರೀಖು ಹಾಕಿದೆ.

ನಾಲ್ಕು ಮೂಗೂ ಸಮನಾಗಿ ಉಸಿರಾಡಬೇಕು. ಅದಕ್ಕಾಗಿ ನಾನು ಔಷಧದಂಗಡಿಯಿಂದ ಪಾರದರ್ಶಕ ಕೊಳವೆ ತಂದು, ಎಣ್ಣೆ ತುಂಬಿ, ಎಳೆತ ಅಳೆಯುವ ಸಾಧನ ಮಾಡಿದೆ. ಮಾಮು ಅದನ್ನು ನೋಡಲೂ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯನ್ನು ಒಂದೊಂದೇ ಬಾಡಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಮುದುಕ ಎಂಜಿನ್ ತಿನ್ನಾಕತ್ತಾನ ಎಂದು ಯಾರೋ ಅಂದರು. ಎರಡನೆಯದು ಕಡಿಮೆ ಎಳೆಯುತ್ತಿದೆ ಎಂದು ಮಾಮು ಹೇಳಿದಾಗ ನಾನು ನನ್ನ ಕೊಳವೆ ನೋಡಿದೆ. ಎರಡನೆಯದರಲ್ಲಿ ಎಣ್ಣೆ ಅರ್ಧ ಬೆರಳು ಕೆಳಗಿತ್ತು. ನಾಲ್ಕು ಮೂಗಿಗೆ ತಕ್ಕಷ್ಟು ಪೆಟ್ರೋಲು ಹೋಗುವಂತೆ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಕೂಡಿಸಲು ಬಂದಿದ್ದ ಶಬಾನಾ ಇದನ್ನೆಲ್ಲ ನೋಡುತ್ತ ಕೂತಿದ್ದಳು. ಕಿವಿ ಹೋದದ್ದಕ್ಕೆ ಹಲ್ಲು ಹಚ್ಚಿ ಎಂಜಿನ್ನಿನ ಅದುರು ಹಿಡಿಯುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ನಾನು ಮಾತ್ರ ಅದು ಹಳೆಯ ಮಂದಿಯ ಪದ್ಧತಿ ಇರಬೇಕು ಎಂದು ಡೈರಿಯಲ್ಲಿ ಬರೆದುಕೊಂಡೆ.

ಆ ಬುಧವಾರ ಬೆಳಿಗ್ಗೆ ಹೊರಟೆವು. ಮಾಮು ನಡೆಸುವವರು, ಶಬಾನಾ ಪಕ್ಕದಲ್ಲಿ, ನಾನು ಹಿಂದೆ, ಕೈಯಲ್ಲಿ ಡೈರಿ. ಕಾರು ಓಡಿದ್ದನ್ನು ಓಡಿತು ಎನ್ನಲಾರೆ, ಅದು ರಸ್ತೆಯನ್ನು ಉಂಡಿತು! ಭೀಮಾ ಸೇತುವೆಯ ಮೇಲೆ ಮಾಮು ಕಾಲು ಒತ್ತಿದಾಗ ನಾಲ್ಕೂ ಮೂಗು ಒಮ್ಮೆಲೇ ಗಾಳಿ ಎಳೆದ ಸದ್ದಿಗೆ ನನ್ನ ಪೆನ್ನು ಕೈಯಿಂದ ಬಿತ್ತು. ಮಾಮುನ ಮುಖ ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಅವರು ನಗುತ್ತಿದ್ದರು. ಆ ಸದ್ದು ಅವರಿಗೆ ಕೇಳುತ್ತಿತ್ತೋ, ಸೀಟಿನಿಂದ ಬೆನ್ನಿಗೆ ಬರುತ್ತಿತ್ತೋ, ನಾನು ಹೇಳಲಾರೆ. ಅಫಜಲಪುರ ದಾಟುವಾಗ ಶಬಾನಾಳೂ ನಗುತ್ತಿದ್ದಳು. ಅಷ್ಟು ದೂರವೂ ಮಾಮು ಬ್ರೇಕ್ ಮುಟ್ಟಿರಲಿಲ್ಲ. ಅವರು ಮುಟ್ಟುವವರೂ ಅಲ್ಲವಷ್ಟೇ!

ನಿಂಬರ್ಗಾ ದಾಟಿದ ಮೇಲೆ ರಸ್ತೆಗೆ ಒಂದು ತಿರುವಿದೆ. ತಿರುಗಿದೆವು. ಮುಂದೆ ರಸ್ತೆ ತುಂಬ ಕುರಿಗಳು. ಗೇರ್ ಇಳಿಸುತ್ತ ಬರಲು ಅರ್ಧ ಮೈಲು ಬೇಕು, ಇದ್ದದ್ದು ಎರಡು ಹೊಲದ ಅಗಲ. ನಲವತ್ತು ವರ್ಷದಲ್ಲಿ ಮೊದಲ ಸಲ ಮಾಮು ಬ್ರೇಕ್ ತುಳಿದರು.

ಬ್ರೇಕು ಕಲ್ಲಾಗಿತ್ತು. ಅವರು ಸೀಟಿನಿಂದ ಎದ್ದು ನಿಂತು ತುಳಿದರೂ ಕಾರು ಸ್ವಲ್ಪ ಯೋಚಿಸಿತೇ ಹೊರತು ನಿಲ್ಲಲಿಲ್ಲ. ಕಾರಿನ ಬ್ರೇಕಿಗೆ ಬಲ ಕೊಡುವುದು ಎಂಜಿನ್ನು ಉಸಿರೆಳೆಯುವ ಆ ಎಳೆತವೇ ಅಂತೆ. ಎಂಜಿನ್ನಿನಿಂದ ಬ್ರೇಕಿಗೆ ಅದನ್ನು ಒಯ್ಯುವ ಪೈಪು ಒಂದಿರುತ್ತದೆ, ಹೆಬ್ಬೆರಳಿನಷ್ಟು ದಪ್ಪ. ಇದು ನನಗೆ ಗೊತ್ತಾದದ್ದು ಆಮೇಲೆ. ಮಾಮು ಕುರಿಗಳನ್ನು ಬಿಟ್ಟು ಸ್ಟೇರಿಂಗನ್ನು ಎಡಕ್ಕೆ ತಿರುವಿದರು. ಬಣವೆ ನಮ್ಮನ್ನು ತೆಗೆದುಕೊಂಡಿತು.

ಯಾರಿಗೂ ಏನೂ ಆಗಲಿಲ್ಲ. ಬಣವೆಯ ಒಡತಿ ಗುರುಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು, "ಹೇಳಿದ್ರ ದಾರಿ ಮಾಡಿ ಕೊಡ್ತಿದ್ನೆಲ್ರಿಯಪ್ಪಾ," ಎಂದಳು. ಕುರಿಗಳ ಬೀರಪ್ಪ ಎರಡು ಸಲ ಎಣಿಸಿ, ಎಲ್ಲ ಇವೆ ಎಂದ ಮೇಲೆ ಬೈಯಲು ಶುರು ಮಾಡಿದ.

ಮಾಮು ಇಳಿದು, ಕಟ್ಟಿಗೆ ಸರಿಸಿ, ಬಾನೆಟ್ ಎತ್ತಿದರು. ಶಬಾನಾ ಅವರ ಪಕ್ಕಕ್ಕೆ ಹೋದಳು. ಆಗಲೇ ನಾನು, ಮೊದಲು ಹೇಳಿದಂತೆ, ಅಲ್ಲಿ ನಿಂತಿದ್ದೆ. ಅವರ ಬೆರಳು ದಪ್ಪ ಪೈಪಿನ ಚೀಟಿಯನ್ನು ಹಿಡಿದದ್ದು ಕಂಡಿತು. ಅವರು ಅದನ್ನು ಓದಿದರು. ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಎಂಜಿನ್ ಬಂದ್ ಮಾಡಿ, ಜೇಬಿನಿಂದ ಶಟರಿನ ಕೀಲಿ ತೆಗೆದು ಮಗಳ ಮುಂದೆ ಹಿಡಿದರು.

"ಬ್ರೇಕಿನ ಪೈಪ್ ನಾನೇ ಮುಚ್ಚಿದ್ದೆ ಬೇಟಾ. ಮರತ ಬಿಟ್ಟೆ. ವಯಸ್ಸಾತು. ತಗೋ."

ಒಂದು ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಗುವುದನ್ನು ನಾನು ಪೂರ್ತಿ ನೋಡಿದೆ. ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಇದ್ದವು. ಆಮೇಲೆ ಹೇಳಿದೆ, ಮುಚ್ಚಿದ್ದು ನಾನು ಎಂದು. ಅವರಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಬೆನ್ನಿಗೆ ಕೇಳಿದೆ, ಅವರ ಹ್ಞೂಂ ಅನ್ನು ಒಪ್ಪಿಗೆ ಎಂದು ಬರೆದೆ ಎಂದು. ಶಬಾನಾ ತಿರುಗಿ ನನ್ನನ್ನು ನೋಡಿದಳು. ಮಾಮು ಮಾತ್ರ ಕೀಲಿ ಚಾಚಿಕೊಂಡೇ ನಿಂತಿದ್ದರು. ನಾನು ಮತ್ತೊಮ್ಮೆ ಹೇಳಿದೆ, ಗಟ್ಟಿಯಾಗಿ. ಮೂರನೇ ಸಲ ಕೂಗಿಯೇ ಹೇಳಿದೆ. ಬೀರಪ್ಪ ಬೈಯುವುದನ್ನು ನಿಲ್ಲಿಸಿದ. ನನ್ನ ದಡ್ಡತನವನ್ನು ನಾನು ಅಷ್ಟು ದೊಡ್ಡ ದನಿಯಲ್ಲಿ ಎಂದೂ ಸಾರಿರಲಿಲ್ಲ.

ಮಾಮು ನನ್ನ ಬಾಯನ್ನು ನೋಡಿದರು, ಮಗಳ ಮುಖ ನೋಡಿದರು.

"ಏನಂತಾನ ಅವ?" ಎಂದರು. ಆಮೇಲೆ ಮೆಲ್ಲಗೆ: "ನನಗ ಕೇಳಸಂಗಿಲ್ಲವ್ವಾ. ಎರಡು ವರ್ಷಾತು."

ಶಬಾನಾ ಕೀಲಿಯನ್ನು ತೆಗೆದುಕೊಂಡಳು. ಅದನ್ನು ಅವರ ಅಂಗಿಯ ಜೇಬಿಗೆ ತಾನೇ ಹಾಕಿ, ಜೇಬಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಅವರ ಮುಂದೆ ನಿಂತು, ತುಟಿ ಕಾಣುವ ಹಾಗೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು.

"ಮೊದಲ ಬ್ರೇಕ್ ಜೋಡಸ್ರಿ ಅಬ್ಬಾ. ಆಮ್ಯಾಲ ಆಳಂದಕ್ಕ ಹೋಗೂಣು."

ಮಾಮು ತಲೆಯಾಡಿಸಿದರು. ಅವಳ ಮಾತು ಅವರಿಗೆ ತಿಳಿದಿತ್ತು.

ಇದನ್ನು ಕಂಡವರಲ್ಲಿ ಶಬಾನಾ ಇದ್ದಾಳೆ, ಅಫಜಲಪುರದಲ್ಲಿ. ಗುರುಬಾಯಿ ಮತ್ತು ಬೀರಪ್ಪ ನಿಂಬರ್ಗಾದಲ್ಲಿಯೇ ಇದ್ದಾರೆ. ಮಾಮು ಜೇವರ್ಗಿಯಲ್ಲಿದ್ದಾರೆ, ಬೆಳಿಗ್ಗೆ ಒಂಬತ್ತಕ್ಕೆ ಶಟರ್ ತೆರೆಯುತ್ತಾರೆ. ಅವರನ್ನು ಏನಾದರೂ ಕೇಳುವುದಿದ್ದರೆ ಎದುರಿಗೆ ಹೋಗಿ ನಿಂತು ಕೇಳಿ.