ಅಜ್ಜಿಗೆ ಕಣ್ಣು ಬರದಂತೆ ನೋಡಿಕೊಂಡವರು

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಸಹಾಯಕನಾಗಿದ್ದವನು. ಡಾಕ್ಟರಲ್ಲ, ಡಾಕ್ಟರಿಗಿಂತ ಮೊದಲು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಪೊರೆ ಬಂದವರನ್ನು ಹುಡುಕಿ, ಆಪರೇಶನ್ನಿಗೆ ಒಪ್ಪಿಸಿ ಕಳಿಸುವವನು. ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಈ ಕೆಲಸ ಮಾಡುತ್ತಾ ಇದ್ದರೆ ನಗುವಂಥ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದು ನಮಗಾಗಿ ಕಾಯುತ್ತಾ ನಿಂತಿರುತ್ತವೆ.

ಮೊದಲು ಬೋರ್ಡು ಬಂತು

ತೊಂಬತ್ತರ ದಶಕದಲ್ಲಿ ಸರ್ಕಾರಕ್ಕೆ ಇದ್ದಕ್ಕಿದ್ದ ಹಾಗೆ ಗುಡ್ಡದ ಜನರ ಕಣ್ಣಿನ ಮೇಲೆ ಪ್ರೀತಿ ಉಕ್ಕಿತು. ಕಣ್ಣಿನ ಸೇವೆಯನ್ನು ಮೂಲೆ ಮೂಲೆಗೂ ವಿಸ್ತರಿಸಬೇಕು ಅಂತ ತೀರ್ಮಾನವಾಯಿತು. ಮೊದಲು 'ಕಣ್ಣಿನ ವಿಭಾಗ' ಅಂತ ಬೋರ್ಡು ಬಂತು. ಆಮೇಲೆ ನಾನು ಬಂದೆ. ಸಾಮಾನೆಲ್ಲ ಹಿಂದಿನಿಂದ ಬರುತ್ತೆ ಅಂದರು. ಎಷ್ಟು ಹಿಂದಿನಿಂದ ಅಂತ ಕೇಳುವ ಧೈರ್ಯ ಆಗ ನನಗಿರಲಿಲ್ಲ, ಹೊಸ ನೌಕರಿ.

ಬೋರ್ಡು ಹೊಡೆದ ಕೋಣೆ ಅದುವರೆಗೆ ಬ್ಲೀಚಿಂಗ್ ಪೌಡರ್ ಇಡುವ ಕೋಣೆಯಾಗಿತ್ತು. ಮೂಟೆಗಳನ್ನು ಹೊರಗೆ ಹಾಕಿದರು, ಘಾಟು ಮಾತ್ರ ಅಲ್ಲೇ ಕಾಯಂ ಆಗಿ ಉಳಿಯಿತು. ಕೋಣೆಯೋ ಇಷ್ಟೇ ಇಷ್ಟು. ಅಕ್ಷರದ ಪಟ್ಟಿ ಓದಿಸಬೇಕಾದರೆ ದೂರ ಬೇಕಲ್ಲ? ಪಟ್ಟಿಯನ್ನು ಒಳಗಿನ ಗೋಡೆಗೆ ನೇತುಹಾಕಿ, ಪೇಷೆಂಟನ್ನು ಬಾಗಿಲ ಆಚೆ ಜಗಲಿಯಲ್ಲಿ ಕೂರಿಸುತ್ತಿದ್ದೆ. ಅಲ್ಲಿ ಇಂಜೆಕ್ಷನ್ನಿಗೆ ಕಾಯುವವರ ಸಾಲು. ಪೇಷೆಂಟಿಗೆ ಅಕ್ಷರ ಕಾಣದಿದ್ದರೆ ಸಾಲಿನವರೆಲ್ಲ ಸೇರಿ ಓದಿ ಹೇಳುತ್ತಿದ್ದರು. ಪರೋಪಕಾರಕ್ಕೆ ನಮ್ಮ ಕಡೆಯವರು ಯಾವತ್ತೂ ಕಡಿಮೆ ಮಾಡಿದವರಲ್ಲ.

ಒಮ್ಮೆ ತಪಾಸಣೆಗೆ ಮೇಲಧಿಕಾರಿಗಳು ಬಂದರು. ಘಾಟಿಗೆ ಕೋಣೆಯಲ್ಲಿದ್ದವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಾಹೇಬರು ತಾವೂ ಕರ್ಚೀಫು ತೆಗೆದು ಕಣ್ಣು ಒರೆಸಿಕೊಳ್ಳುತ್ತಾ ಗಂಭೀರವಾಗಿ ಹೇಳಿದರು: "ನೋಡಿದ್ರಾ, ಈ ಭಾಗದಲ್ಲಿ ಕಣ್ಣಲ್ಲಿ ನೀರು ಸೋರೋ ಕಾಯಿಲೆ ಎಷ್ಟು ವಿಪರೀತ! ಇಲ್ಲಿಗೆ ವಿಭಾಗ ಕೊಟ್ಟಿದ್ದು ಸಾರ್ಥಕ ಆಯ್ತು."

ದೀಪ ಬೆಳಗಿದರು

ಆ ಕೋಣೆಗೆ ಒಂದು ದಿನ ಸಂಸೆ ಕಡೆಯಿಂದ ಒಬ್ಬರು ಅಜ್ಜ, ಒಬ್ಬರು ಅಜ್ಜಿ ಬಂದರು. ಅಜ್ಜ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಳು ನೋಡಿಕೊಂಡಿದ್ದು ನಿವೃತ್ತರಾದವರು. ಕೊಡೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅಜ್ಜಿಯ ಕೈಯಲ್ಲಿ. ಅಜ್ಜಿಯ ಎರಡೂ ಕಣ್ಣಿನ ಪೊರೆ ಬಲಿತು ಬೆಳ್ಳಗಾಗಿತ್ತು. ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಮುಂಗೈ ತುಂಬ ಸುಟ್ಟ ಕಲೆ.

"ಒಲೆ ಎಲ್ಲಿದೆ ಅಂತ ಕೈಯಲ್ಲೇ ಹುಡುಕ್ತೀನಿ ಸಾರ್," ಅಂದರು ಅಜ್ಜಿ. "ಬೇಗ ಆಪರೇಶನ್ ಮಾಡ್ಸಿಬಿಡಿ."

"ಅವಸರ ಎಂಥದ್ದೂ ಇಲ್ಲ ಸಾರ್," ಅಂದರು ಅಜ್ಜ. "ನಿಧಾನಕ್ಕೆ ಆಗ್ಲಿ."

ನಾನು ಅಜ್ಜಿಯ ಮಾತನ್ನೇ ಹಿಡಿದೆ. ಹತ್ತಿರದಲ್ಲೇ ನಡೆಯಲಿದ್ದ ಶಿಬಿರಕ್ಕೆ ಮೊದಲ ಹೆಸರೇ ಅವರದ್ದು ಬರೆದೆ. ಡಾಕ್ಟರು ಪೇಟೆಯಿಂದ ಬಂದು ಪರೀಕ್ಷೆ ಮಾಡಿ, ಆರಿಸಿದವರನ್ನು ಅಂದೇ ಕರೆದುಕೊಂಡು ಹೋಗುವುದು ಅಂತ ಏರ್ಪಾಡು.

ಶಿಬಿರ ಅಂದಮೇಲೆ ಉದ್ಘಾಟನೆ ಬೇಡವೇ? ಶಾಮಿಯಾನ, ಹಾರ, ಮೈಕು ಎಲ್ಲವೂ ಬಂದವು. ಸ್ವಾಗತ, ಪ್ರಾಸ್ತಾವಿಕ, ಗಣ್ಯರಿಬ್ಬರ ಮಾತು. ಮುಖ್ಯ ಅತಿಥಿಗಳು ಊರಿನ ಹಿರಿಯ ಮುಖಂಡರು. ಅವರ ಎರಡೂ ಕಣ್ಣಿನ ಪೊರೆ ವೇದಿಕೆಯ ಕೆಳಗೆ ನಿಂತ ನನಗೇ ಕಾಣುತ್ತಿತ್ತು. ಮೆಲ್ಲಗೆ ಹೋಗಿ, "ಸಾರ್, ನೀವೂ ಒಂದ್ಸಲ ತೋರಿಸ್ಕೊಳ್ಳಿ" ಅಂದೆ. "ನಂಗೆಂಥ ಆಗಿದೆ ಮಾರಾಯ? ಅದೆಲ್ಲ ಬಡವರಿಗೆ" ಅಂದುಬಿಟ್ಟರು.

ದೀಪ ಬೆಳಗಲು ಅವರ ಕೈಗೆ ಉರಿಯುವ ಮೇಣದ ಬತ್ತಿ ಕೊಟ್ಟರು. ಅವರು ಅದನ್ನು ದೀಪದ ಕಂಬದಿಂದ ಒಂದು ಮೊಳ ಆಚೆ, ಬರೀ ಗಾಳಿಗೆ ಹಿಡಿದರು. ಜನ ಚಪ್ಪಾಳೆ ಹೊಡೆದರು. ಬತ್ತಿ ಹತ್ತಲಿಲ್ಲವೇನೋ ಅಂತ ಅನುಮಾನ ಬಂದು ಈಚೆ ಕಡೆ ತಂದರು. ಅಲ್ಲಿ ಅಧ್ಯಕ್ಷರು ಹೊಸ ಶಾಲು ಹೊದ್ದು ಕೈಮುಗಿದು ನಿಂತಿದ್ದರು.

ಶಾಲು ಆರಿಸಿ, ಅಧ್ಯಕ್ಷರಿಗೆ ಸಮಾಧಾನ ಹೇಳಿ, ಉಳಿದ ಭಾಷಣ ಮುಗಿಸುವಾಗ ಘಾಟಿಯಲ್ಲಿ ಮಂಜು ಇಳಿಯಿತು. ಮೈಕಿನಲ್ಲಿ "ಅಂಧತ್ವ ನಿವಾರಣೆಯ ಈ ಮಹಾಯಜ್ಞದಲ್ಲಿ" ಅಂತ ಯಾರೋ ಹೇಳುತ್ತಿದ್ದಂತೆಯೇ ಡಾಕ್ಟರು ಕಾರು ಹತ್ತಿ ಹೊರಟುಹೋದರು. ಅಜ್ಜಿಯ ಸರದಿ ಬರಲೇ ಇಲ್ಲ. ನಾನು ತಲೆ ತಗ್ಗಿಸಿಕೊಂಡು ಕ್ಷಮೆ ಕೇಳಿದರೆ, ಅಜ್ಜ ನನ್ನ ಬೆನ್ನು ತಟ್ಟಿ, "ಬೇಜಾರು ಮಾಡ್ಕೊಬೇಡಿ ಸಾರ್, ಭಾಳ ಚೆನ್ನಾಗಿ ಆಯ್ತು ಶಿಬಿರ" ಅಂದರು. ಸರ್ಕಾರಿ ಕೆಲಸವನ್ನು ಹೊಗಳಿದ ಮೊದಲ ಮನುಷ್ಯ ಅವರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬಿ.ಪಿ. ಏರಿಸುವ ವಿದ್ಯೆ

ಮುಂದಿನ ಸಲ ಭಾಷಣದ ಕಾಟವೇ ಬೇಡ ಅಂತ ಪೊರೆ ಬಂದವರನ್ನೆಲ್ಲ ಜೀಪಿನಲ್ಲಿ ಸೀದಾ ಪೇಟೆಯ ದೊಡ್ಡಾಸ್ಪತ್ರೆಗೆ ಹೊರಡಿಸಿದೆ. ಅಜ್ಜ, ಅಜ್ಜಿ ನನ್ನ ಎದುರಿಗೇ ಕೂತರು. ಬಿ.ಪಿ. ಜಾಸ್ತಿ ಇದ್ದವರಿಗೆ ಆಪರೇಶನ್ ಮಾಡುವುದಿಲ್ಲ, ಸಮಾಧಾನವಾಗಿರಿ ಅಂತ ಎಲ್ಲರಿಗೂ ಹೇಳಿದೆ. ಅಜ್ಜ ಆ ಮಾತನ್ನು ಎರಡೆರಡು ಸಲ ಕೇಳಿ ಮನದಟ್ಟು ಮಾಡಿಕೊಂಡರು. ಎಂಥ ಜವಾಬ್ದಾರಿಯ ಮನುಷ್ಯ ಅಂದುಕೊಂಡೆ.

ಜೀಪು ಕಳಸ ದಾಟಿತು. ಅಜ್ಜ ಶುರು ಮಾಡಿದರು: "ಅಲ್ವೇ, ನನ್ನ ತಮ್ಮ ಅವತ್ತು ನಿನ್ನ ಕಾಫಿನ ಏನಂತ ಅಂದಿದ್ದ?"

"ಈಗ್ಯಾಕ್ರೀ ಆ ಹಾಳು ಸುದ್ದಿ?"

"ಸುಮ್ನೆ ಕೇಳ್ದೆ. ಪಲ್ಪರ್ ತೊಳೆದ ನೀರು ಅಂದ ಅಲ್ವಾ? ಅದೂ ನಮ್ಮ ಮಗಳನ್ನ ನೋಡಕ್ಕೆ ಬಂದ ಗಂಡಿನ ಕಡೆಯವರ ಮುಂದೆ!"

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್. ಅದನ್ನು ತೊಳೆದ ನೀರಿನ ನಾತಕ್ಕೆ ದನವೂ ಮೂತಿ ತಿರುಗಿಸುತ್ತೆ. ಕಾಫಿ ಬೆಳೆಯುವ ಊರಿನಲ್ಲಿ ಒಬ್ಬ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಜ್ಜಿಯ ಮೂಗಿನ ಹೊಳ್ಳೆ ಅರಳಿತು. "ಅವನ ಬಾಯಿಗೆ ಮಣ್ಣು ಹಾಕ!" ಅಂದವರು ಕೊಟ್ಟಿಗೆಹಾರದವರೆಗೂ ನಿಲ್ಲಿಸಲಿಲ್ಲ. ಅಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ, ಅಜ್ಜ, "ಗಂಡಿನ ಕಡೆಯವ್ರು ನಕ್ಕಿದ್ರು ಅಲ್ವಾ?" ಅಂತ ನೆನಪು ಮಾಡಿಕೊಟ್ಟರು.

ಆಸ್ಪತ್ರೆಯಲ್ಲಿ ನರ್ಸಮ್ಮ ಬಿ.ಪಿ. ನೋಡಿ ಹೌಹಾರಿ ಡಾಕ್ಟರನ್ನು ಕರೆದರು. ಡಾಕ್ಟರು ತಾವೂ ನೋಡಿ ನನ್ನ ಕಡೆ ತಿರುಗಿ ಹೇಳಿದರು: "ಇವ್ರನ್ನ ಈಗ ಟೇಬಲ್ ಮೇಲೆ ಮಲಗಿಸಿದ್ರೆ, ಆಮೇಲೆ ಪಕ್ಕದಲ್ಲೇ ನಾನೂ ಮಲಗಬೇಕಾಗುತ್ತೆ. ವಾಪಸ್ ಕರ್ಕೊಂಡ್ ಹೋಗ್ರಿ."

ಅಜ್ಜನ ಗುಟ್ಟು

ಅಜ್ಜನನ್ನು ಆಸ್ಪತ್ರೆಯ ಎದುರಿನ ಹೋಟೆಲಿಗೆ ಎಳೆದುಕೊಂಡು ಹೋದೆ. "ಏನ್ ಅಜ್ಜ, ಹೆಂಡ್ತಿಗೆ ಕಣ್ಣು ಬರೋದು ಬೇಡ್ವಾ ನಿಮಗೆ? ಕೈ ನೋಡಿದೀರಾ ಅವರದ್ದು?" ಅಂತ ರೇಗಿದೆ. ಅಜ್ಜ ಬನ್ನು ಮುರಿದು ಚಹಾದಲ್ಲಿ ಅದ್ದಿದವರು ತಿನ್ನದೆ ಹಾಗೇ ಕೂತರು. ಬನ್ನು ಲೋಟದೊಳಗೇ ಬಿತ್ತು.

"ಹೇಗೆ ಹೇಳೋದು ಮಾರಾಯ್ರೆ. ಅವಳಿಗೆ ಕಣ್ಣು ಬಂದ್ರೆ ನನ್ನ ತಮ್ಮ ಹೋದ ಅಂತ್ಲೇ ಲೆಕ್ಕ."

ಸಂಗತಿ ಇಷ್ಟು. ಆ ಕಾಫಿಯ ಮಾತಾದ ದಿನ ಅಜ್ಜಿ, "ಇನ್ನು ಇವನ ಮುಖ ನನ್ನ ಕಣ್ಣಲ್ಲಿ ನೋಡಲ್ಲ, ಹೊಸಲು ತುಳಿಯಕ್ಕೆ ಬಿಡಲ್ಲ" ಅಂತ ದೇವರ ದೀಪ ಮುಟ್ಟಿ ಆಣೆ ಇಟ್ಟರು. ತಮ್ಮನ ಮನೆ ಎರಡು ತೋಟದ ಆಚೆ. ಅಣ್ಣತಮ್ಮ ಸಂತೆಯಲ್ಲಿ ಕದ್ದು ಮಾತಾಡಿಕೊಂಡು ಕಾಲ ತಳ್ಳಿದರು. ಆಮೇಲೆ ಅಜ್ಜಿಯ ಕಣ್ಣು ಮಂಜಾಯಿತು. ಪೂರ್ತಿ ಹೋಯಿತು ಅಂತ ಖಾತ್ರಿಯಾದ ಮೇಲೆ ತಮ್ಮ ದಿನಾ ಸಂಜೆ ಬಂದು ಜಗಲಿಯ ಮೂಲೆಯಲ್ಲಿ ಕೂರತೊಡಗಿದರು. ಕೆಮ್ಮುವಂತಿಲ್ಲ, ಮಾತಾಡುವಂತಿಲ್ಲ. ಅಣ್ಣನ ಪಕ್ಕ ಸುಮ್ಮನೆ ಕೂತು ಕತ್ತಲಾದ ಮೇಲೆ ಎದ್ದು ಹೋಗುವುದು.

"ಅವನಿಗೆ ಸೀನು ಬಂದ್ರೆ ಕಷ್ಟ ಸಾರ್," ಅಂದರು ಅಜ್ಜ. "ತಕ್ಷಣ ನಾನೂ ಒಂದು ಸೀನ್ಬೇಕು. ಇವಳು ಒಳಗಿಂದ 'ಏನ್ರೀ, ಕಷಾಯ ಮಾಡ್ಲಾ?' ಅಂತಾಳೆ. ಕುಡೀದೆ ವಿಧಿ ಇಲ್ಲ. ಅವನ ನೆಗಡಿಗೆ ನಾನು ಕುಡಿದ ಕಷಾಯ ಒಂದು ಹಂಡೆ ಆಗುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಅಜ್ಜನ ಕಣ್ಣಲ್ಲಿ ಮಾತ್ರ ನೀರಿತ್ತು. ಈ ಸಲ ಬ್ಲೀಚಿಂಗ್ ಪೌಡರ್ ಕಾರಣವಲ್ಲ.

ಮಾರ್ಚ್ ತಿಂಗಳ ಪ್ರೀತಿ

ವರ್ಷವಿಡೀ ಮಲಗಿರುವ ನಮ್ಮ ಇಲಾಖೆಗೆ ಮಾರ್ಚ್ ಬಂದರೆ ಮೈಮೇಲೆ ಬರುತ್ತೆ. ಗುರಿ ಮುಟ್ಟಬೇಕು! ಮೊನ್ನೆಯವರೆಗೆ "ಮುಂದಿನ ವಾರ ಬನ್ನಿ" ಅನ್ನುತ್ತಿದ್ದವರೇ "ಯಾಕಿನ್ನೂ ಬಂದಿಲ್ಲ?" ಅಂತ ಮನೆಗೆ ಜೀಪು ಕಳಿಸುತ್ತಾರೆ. ಇದೇ ಸಮಯ ಅಂತ ನಾನೂ ಒಂದು ಸರ್ಕಾರಿ ಆದೇಶ ಹೊರಡಿಸಿದೆ: ಹೆಂಗಸರ ಜೊತೆಗೆ ಹೆಂಗಸರೇ ಬರಬೇಕು. ಅಂಥ ಆದೇಶ ಎಲ್ಲೂ ಇರಲಿಲ್ಲ. ಇದ್ದ ಆದೇಶಗಳಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಅಜ್ಜ ಮನೆಯಲ್ಲಿ ಉಳಿದರು. ದೇವರಮನೆ ಅನ್ನುವ ಊರಿನ ಕಡೆಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದು ಅಜ್ಜಿಯ ಜೊತೆ ಜೀಪು ಹತ್ತಿದಳು. ಕಾಫಿ ಅನ್ನುವ ಶಬ್ದ ಬಾಯಿಂದ ಬರಕೂಡದು ಅಂತ ಅವಳಿಗೆ ಮೊದಲೇ ಹೇಳಿದ್ದೆ. ನಾನು ಬೆಳಗಿನ ಬಸ್ಸಿನಲ್ಲೇ ಹೋಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ.

ಜೀಪಿನ ಡ್ರೈವರಿಗೆ ನೆರೆತ ಕೂದಲು ಕಂಡರೆ ಬ್ರೇಕು ಹಾಕು ಅಂತ ಮೇಲಿಂದಲೇ ಅಪ್ಪಣೆಯಾಗಿತ್ತು. ದಾರಿಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಬಸ್ಸಿಗೆ ಕಾಯುತ್ತಾ ನಿಂತಿದ್ದರು. ನಮ್ಮ ಕಡೆ ಬಸ್ಸಿಗಿಂತ ಜೀಪನ್ನೇ ಜನ ನಂಬುವುದು. ಯಾರ ಜೀಪು ಅಂತ ಯಾರೂ ಕೇಳುವುದಿಲ್ಲ. ಮೇಷ್ಟ್ರು ಹತ್ತಿದರು. "ದುಡ್ಡೆಷ್ಟಪ್ಪಾ?" "ಪುಕ್ಕಟೆ ಸಾರ್, ಸರ್ಕಾರದ್ದು." ಸರ್ಕಾರ ಇಷ್ಟು ಸುಧಾರಿಸಿದೆಯಾ ಅಂತ ಮೇಷ್ಟ್ರು ಸಂತೋಷಪಟ್ಟರು.

ಅವರು ಹೊರಟಿದ್ದು ಮೂಡಿಗೆರೆಯಲ್ಲಿ ತಂಗಿಯ ಮನೆ ಊಟಕ್ಕೆ. ಮೂಡಿಗೆರೆ ಬಂತು, ಜೀಪು ನಿಲ್ಲಲಿಲ್ಲ. "ಏ, ಇಳಿಸಪ್ಪಾ! ಇಳಿಸು!" ಅಂತ ಕೂಗಿದರು. ಆಪರೇಶನ್ನಿಗೆ ಹೆದರಿ ಅಲ್ಲಿಗೆ ಬಂದಾಗ ಹಾಗೆ ಕೂಗುವವರು ಡ್ರೈವರಿಗೆ ಹೊಸಬರಲ್ಲ. "ಹೆದರ್ಬೇಡಿ ಮೇಷ್ಟ್ರೇ, ಇರುವೆ ಕಚ್ಚಿದ ಹಾಗೆ ಆಗುತ್ತೆ ಅಷ್ಟೆ" ಅಂತ ಸ್ಪೀಡು ಜಾಸ್ತಿ ಮಾಡಿದ.

ನಾನು ಡಾಕ್ಟರನ್ನು ಕಂಡು ಬರುವಷ್ಟರಲ್ಲಿ ನರ್ಸಮ್ಮ ಸಾಲಾಗಿ ಕೂತವರಿಗೆಲ್ಲ ಕಣ್ಣಿನ ಪಾಪೆ ಅರಳಿಸುವ ಔಷಧಿ ಬಿಟ್ಟಾಗಿತ್ತು. ಕೊನೆಯಲ್ಲಿ ಕೂತ ಮೇಷ್ಟ್ರು ನನ್ನ ಅಂಗಿ ಹಿಡಿದುಕೊಂಡರು. "ನೀವ್ಯಾರೋ ಗೊತ್ತಿಲ್ಲ, ಮುಖ ಮಂಜುಮಂಜು. ಆದ್ರೂ ಹೇಳ್ತೀನಿ ಕೇಳಿ. ಇಷ್ಟು ವರ್ಷ ನನ್ನ ಕಣ್ಣು ನೆಟ್ಟಗಿತ್ತು. ನಿಮ್ಮ ಅಂಧತ್ವ ನಿವಾರಣೆ ಶುರುವಾದ ಮೇಲೇ ಕಾಣದೆ ಇರೋದು!"

ಕಪ್ಪು ಕನ್ನಡಕ

ಆ ಗಲಾಟೆಯ ನಡುವೆ ಅಜ್ಜಿಯ ಬಿ.ಪಿ. ಸರಿಯಿತ್ತು, ಬಲಗಣ್ಣಿನ ಆಪರೇಶನ್ ಸಲೀಸಾಗಿ ಮುಗಿಯಿತು. ಪಟ್ಟಿ ಬಿಚ್ಚಿದಾಗ ಅಜ್ಜಿ ಮೊದಲು ತಮ್ಮ ಕೈ ನೋಡಿಕೊಂಡು, "ಅಯ್ಯೋ, ಎಷ್ಟು ಸುಟ್ಕೊಂಡಿದೀನಿ" ಅಂತ ಅತ್ತರು. ಬಿಸಿಲು ತಾಗದ ಹಾಗೆ ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದೆವು.

ಕೆಲವು ದಿನ ಬಿಟ್ಟು ಕಣ್ಣು ನೋಡಿಬರಲು ಸಂಸೆಗೆ ಹೋದೆ. ಸಂಜೆಯಾಗಿತ್ತು. ಅಜ್ಜ ಜಗಲಿಯಲ್ಲಿ ಒಬ್ಬರೇ, ಮುಖ ಇಷ್ಟುದ್ದ ಮಾಡಿಕೊಂಡು ಕೂತಿದ್ದರು. ತಮ್ಮ ಬರುವುದು ನಿಂತಿತ್ತು. ಅಜ್ಜಿ ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದರು: "ಸಾರ್, ಈ ಕಪ್ಪು ಕನ್ನಡಕ ಎಷ್ಟು ದಿನ?"

"ಇನ್ನೇನು ತೆಗೀಬಹುದು ಅಜ್ಜಿ."

"ತೆಗಿಯೋದು ಬೇಡ. ಸಂಜೆ ಹೊತ್ತು ಯಾವಾಗ್ಲೂ ಹಾಕ್ಲೇಬೇಕು ಅಂತ ಇವ್ರ ಎದುರಿಗೆ ಜೋರಾಗಿ ಹೇಳ್ಬಿಡಿ."

"ಸಂಜೆ ಹಾಕಿದ್ರೆ ಏನೂ ಕಾಣಲ್ವಲ್ಲ?"

"ಕಾಣ್ಬಾರ್ದು ಅಂತ್ಲೇ." ಅಜ್ಜಿ ಕಿಟಕಿಯ ಕಡೆ ಗಲ್ಲ ತಿರುಗಿಸಿದರು. "ಇವ್ರ ತಮ್ಮ ಅಲ್ಲಿ ಕಾಫಿ ಗಿಡದ ಹಿಂದೆ ಕೂತಿದಾನೆ. ಬೆನ್ನು ಮಾತ್ರ ನೋಡಿದೀನಿ, ಮುಖ ನೋಡಿಲ್ಲ. ದಿನಾ ಬರ್ತಿದ್ದದ್ದು ನಂಗೆ ಗೊತ್ತಿಲ್ಲ ಅಂದ್ಕೊಂಡಿದಾರೆ ಸಾರ್ ಇಬ್ರೂ! ಇವ್ರು ಬೀಡಿ ಸೇದಲ್ಲ, ಜಗಲಿ ತುಂಬ ಬೀಡಿ ವಾಸನೆ. ಅವನಿಗೂ ಸೇರಿಸಿ ಲೋಟ ತುಂಬ ಕಾಫಿ ಕೊಡ್ತಿದ್ದೆ. ಒಂದು ತೊಟ್ಟೂ ಉಳೀತಿರ್ಲಿಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಓಡಿಸ್ಬೇಕಲ್ಲ, ಆಣೆ ಇಟ್ಟವಳು ನಾನು. ಇವ್ರಿಗೆ ಇರೋನು ಒಬ್ನೇ ತಮ್ಮ."

ನಾನು ಜಗಲಿಗೆ ಬಂದು ತೋಟಕ್ಕೆಲ್ಲ ಕೇಳುವ ಹಾಗೆ ಹೇಳಿದೆ: "ಅಜ್ಜ, ಸಂಜೆ ಕಾಫಿ ಹೊತ್ತಿಗೆ ಅಜ್ಜಿ ಕಪ್ಪು ಕನ್ನಡಕ ಹಾಕ್ಲೇಬೇಕು. ಅದನ್ನ ಹಾಕ್ಕೊಂಡ್ರೆ ಅವ್ರಿಗೆ ಏನೇನೂ ಕಾಣಲ್ಲ. ಇದು ಸರ್ಕಾರದ ಆದೇಶ!"

ಅಜ್ಜನ ಮುಖ ಅರಳಿತು. ಗಿಡದ ಹಿಂದಿನಿಂದ ತಮ್ಮ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಬಂದು ಮೂಲೆಯಲ್ಲಿ ಕೂತರು. ಅಜ್ಜಿ ಕನ್ನಡಕ ಹಾಕಿಕೊಂಡು, ಗೋಡೆ ತಡವರಿಸುತ್ತಾ ಬಂದು ಲೋಟ ಇಟ್ಟರು. ತಮ್ಮ ಒಂದು ಗುಟುಕು ಕುಡಿದರು. ಅಷ್ಟು ದಿನ ಸಿಗದಿದ್ದ ಕಾಫಿ. ಪಾಪ, ತಡೆದುಕೊಳ್ಳಲಾಗಲಿಲ್ಲ. "ಆಹಾ, ಕಾಫಿ ಅಂದ್ರೆ ಇದು!" ಅಂತ ಬಾಯಿಂದ ಬಂದೇಬಿಟ್ಟಿತು.

ಅಜ್ಜ ಕಲ್ಲಾದರು.

ಅಜ್ಜಿ ಅಜ್ಜನ ಕಡೆಗೇ ಮುಖ ಮಾಡಿ ಹೇಳಿದರು: "ಏನ್ರೀ, ಥಂಡಿ ಆಗಿದ್ಯಾ? ಗಂಟಲು ಹೀಗೆ ಕೆಟ್ಟಿದೆ! ಇರಿ, ಕಷಾಯ ಕಾಸ್ಕೊಂಡ್ ಬರ್ತೀನಿ."